ರಬ್ಬರ್ ಬಿಟ್ಟು ಅಳೆದ ಗಾಜು

ಹಪ್ಪಳ ಒಣಹಾಕಿದ ದಿನ ಅಂಗಳದ ಸುತ್ತ ಹುಲ್ಲು ಹೊಡೆಯಬಾರದು. ನಮ್ಮ ಮನೆಯಲ್ಲಿ ಈಗ ಇದು ಕಾನೂನು. ಮೊದಲು ಇರಲಿಲ್ಲ. ಕಳೆದ ವರ್ಷ ಮೇ ಕೊನೆಯಲ್ಲಿ ನನ್ನ ದೆಸೆಯಿಂದ ಜಾರಿಗೆ ಬಂತು.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಇಳಿದರೆ ತೋಟದ ಅಂಚಿಗೆ ನಮ್ಮ ಮನೆ. ಹಳೇ ಹೆಂಚಿನ ಮನೆಯ ಹಿಂದಿನ ಅರ್ಧ ಭಾಗವನ್ನು ಆರು ವರ್ಷದ ಹಿಂದೆ ಕೆಡವಿ ಹೊಸದಾಗಿ ಕಟ್ಟಿಸಿದೆವು. ಆಗ ಹಾಲ್‌ನಲ್ಲಿ ಕೂತರೆ ತೋಟ ಕಾಣಲಿ ಅಂತ ದೊಡ್ಡ ಗಾಜಿನ ಬಾಗಿಲು ಇಡಿಸಿದವನು ನಾನೇ. ಅಲ್ಯೂಮಿನಿಯಂ ಚೌಕಟ್ಟು, ಒಂದರ ಹಿಂದೆ ಒಂದು ಜಾರುವ ಎರಡು ಬಾಗಿಲು. ಅಂಗಡಿಯವರ ಬಾಯಲ್ಲಿ ಎರಡು ಶಟರ್. ಅಮ್ಮನಿಗೆ ಮೊದಲಿಂದಲೂ ಅದು ಸರಿ ಬರಲಿಲ್ಲ. "ಇದೆಂತ ಬಾಗ್ಲು ಮಾರಾಯ, ಜವಳಿ ಅಂಗಡಿ ಇಟ್ಟ ಹಂಗೆ" ಅಂದಿದ್ದಳು. ಆಮೇಲೆ ಬಂದ ನೆಂಟರೆಲ್ಲ ಅದರ ಎದುರೇ ಕೂತು ಕಾಫಿ ಕುಡಿಯುವುದನ್ನು ನೋಡಿ ಸುಮ್ಮನಾದಳು.

ಆವತ್ತು ಅಮ್ಮ ಮತ್ತು ದೊಡ್ಡಮ್ಮ ಬೆಳಗಿಂದ ಹಲಸಿನಕಾಯಿ ಹಪ್ಪಳಕ್ಕೆ ಕೂತಿದ್ದರು. ಬೆಳೆದ ಕಾಯಿಯ ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಮಾಡಿ, ಒತ್ತಿ, ಎರಡು ಚಾಪೆ ತುಂಬ ಹರವಿಟ್ಟಿದ್ದರು. ಚಾಪೆ ಇದ್ದದ್ದು ಗಾಜಿನ ಬಾಗಿಲ ಎದುರಿಗೇ. ಬಿಸಿಲು ಚೆನ್ನಾಗಿ ಬೀಳುವ ಜಾಗ ಅದೊಂದೇ. ಇನ್ನೊಂದು ವಾರದಲ್ಲಿ ಮಳೆ ಹಿಡಿಯುತ್ತದೆ, ಅಷ್ಟರಲ್ಲಿ ಅಂಗಳದ ಅಂಚಿನ ಹುಲ್ಲು ಹೊಡೆದು ಮುಗಿಸೋಣ ಅಂತ ನಾನು ಮೆಷಿನ್ ಹೆಗಲಿಗೆ ಹಾಕಿಕೊಂಡೆ. ಬ್ಲೇಡ್ ತೆಗೆದು ನೈಲಾನ್ ದಾರ ಹಾಕಿದ್ದೆ. ದಾರ ಹಾಕಿದರೆ ಗೋಡೆ ಬುಡದವರೆಗೂ ಹುಲ್ಲು ಹೋಗುತ್ತದೆ. ಜಲ್ಲಿ ಸಿಕ್ಕಿದರೆ ಅದೂ ಹೋಗುತ್ತದೆ, ಎಲ್ಲಿಗೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಕಲ್ಲು ಹಾರಿದ್ದು ನಾನು ನೋಡಲಿಲ್ಲ. ಮೆಷಿನ್ ಸದ್ದಿನ ನಡುವೆಯೂ ಪಟ್ ಅಂತ ಒಂದು ಸಣ್ಣ ಶಬ್ದ ಕೇಳಿತು. ತಿರುಗಿ ನೋಡಿದರೆ ಬಲಗಡೆಯ ಗಾಜು ಪೂರ್ತಿ ಬೆಳ್ಳಗಾಗಿದೆ! ಒಡೆದು ಬಿದ್ದಿಲ್ಲ. ಚಳಿಗಾಲದ ಬೆಳಗ್ಗೆ ಮಂಜು ಕವಿದ ಹಾಗೆ ಬಿಳಿಯಾಗಿ ನಿಂತಿದೆ. ಮೆಷಿನ್ ಆಫ್ ಮಾಡಿ ಹತ್ತಿರ ಹೋದೆ. ಒಳಗಿಂದ ಚಿಟಿಚಿಟಿ ಸದ್ದು, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಒಂದು ಅಂಗೈ ಅಗಲದಲ್ಲಿ ನೂರಾರು ಚೌಕ ಚೌಕ ಬಿರುಕು. ನಾನು ಆಗ ಸುಮ್ನೆ ನಿಂತು ನೋಡಬೇಕಿತ್ತು. ಚಾಪೆ ಎಳೆದು ಆಚೆ ಇಡಬೇಕಿತ್ತು. ಅದು ಬಿಟ್ಟು ಹಿಡಿಕೆ ಹಿಡಿದು ಬಾಗಿಲು ಸರಿಸಲು ಹೋದೆ. ಗಾಜು ಪೂರಾ ಸುರಿಯಿತು. ಅರ್ಧ ಹಾಲ್‌ಗೆ, ಅರ್ಧ ಹಪ್ಪಳಕ್ಕೆ.

ಅಮ್ಮ ಓಡಿ ಬಂದವಳು ನನ್ನ ಕಾಲು ನೋಡಿದಳು, ಕೈ ನೋಡಿದಳು, ರಕ್ತ ಇಲ್ಲ ಅಂತ ಖಾತ್ರಿ ಮಾಡಿಕೊಂಡಳು. ಆಮೇಲೆ ಚಾಪೆ ನೋಡಿದಳು. "ಇನ್ನೂರು ಹಪ್ಪಳನೋ" ಅಂದಳು. ಗಾಜಿನ ಬಗ್ಗೆ ಒಂದು ಮಾತೂ ಇಲ್ಲ. ಹಸಿ ಹಪ್ಪಳಕ್ಕೆ ಗಾಜಿನ ಹರಳು ಕಲ್ಲುಸಕ್ಕರೆ ಉದುರಿಸಿದ ಹಾಗೆ ಅಂಟಿತ್ತು. ದೊಡ್ಡಮ್ಮ ಒಂದೆರಡನ್ನು ಎತ್ತಿ ಆರಿಸಲು ನೋಡಿದರು. ಸಾಸಿವೆಗಿಂತ ಸಣ್ಣ ಚೂರೂ ಇರುತ್ತದೆ, ಬೇಡ ಅಂತ ಅಷ್ಟನ್ನೂ ಚೀಲಕ್ಕೆ ತುಂಬಿದೆವು. ಗೊಬ್ಬರದ ಗುಂಡಿಗೂ ಹಾಕುವ ಹಾಗಿಲ್ಲ, ದನಕ್ಕೂ ಕೊಡುವ ಹಾಗಿಲ್ಲ.

ಗಾಜು ಗುಡಿಸುವ ಕೆಲಸ ಒಂದು ದಿನದಲ್ಲಿ ಮುಗಿಯುವುದಲ್ಲ. ಬೂಟು ಹಾಕಿ ದಪ್ಪ ಚೂರು ಗುಡಿಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಆ ಬಟ್ಟೆಯನ್ನೂ ಎಸೆದೆ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹಚ್ಚಿದರೆ ಉಳಿದದ್ದೆಲ್ಲ ಮಿಂಚುತ್ತದೆ. ಹಾಗೆ ಮಾಡಿದಾಗ ಸೋಫಾದ ಅಡಿಯಲ್ಲಿ ಒಂದು ಹಿಡಿ ಸಿಕ್ಕಿತು, ಬಾಗಿಲಿಂದ ಹನ್ನೆರಡು ಅಡಿ ದೂರದಲ್ಲಿ.

ಚೌಕಟ್ಟಿನ ಕೆಳಗಿನ ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಗಾಜು ರಬ್ಬರಿಗೆ ಕಚ್ಚಿಕೊಂಡು ಉಳಿದಿತ್ತು. ಬಿರುಕು ಬಿಟ್ಟಿದ್ದರೂ ಒಂದಕ್ಕೊಂದು ಹಿಡಿದು ನಿಂತಿತ್ತು. ಅದರಲ್ಲಿ ಸಣ್ಣದೊಂದು ಮುದ್ರೆ. ಕಂಪನಿ ಹೆಸರು, ಅದರ ಕೆಳಗೆ ಐಎಸ್ 2553. ಕಟ್ಟಡಕ್ಕೆ ಬಳಸುವ ಸೇಫ್ಟಿ ಗಾಜಿಗೆ ಇರುವ ಭಾರತೀಯ ಮಾನಕದ ನಂಬರ್ ಅದು. ಅಂದರೆ ಇದು ಟಫನ್ಡ್ ಗಾಜು. ಅಂಗಡಿಗಳಲ್ಲಿ ಬರೀ ಟಫನ್ ಅನ್ನುತ್ತಾರೆ. ಆರು ವರ್ಷ ಆ ಮುದ್ರೆಯ ಪಕ್ಕದಲ್ಲೇ ಓಡಾಡಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

ಮಾರನೇ ದಿನ ಪೇಟೆಗೆ ಹೋಗಿ ಗಾಜಿನ ಅಂಗಡಿಯಲ್ಲಿ ವಿಷಯ ಹೇಳಿದೆ. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ: "ಪ್ಲೇನ್ ಸಾಕಾ, ಟಫನ್ನೇ ಬೇಕಾ?" ಪ್ಲೇನ್ ಆದರೆ ಈಗಲೇ ಶೀಟಿಂದ ಕತ್ತರಿಸಿ ಕೊಡುತ್ತಾರಂತೆ, ಸಂಜೆಯೊಳಗೆ ಬಾಗಿಲು ತಯಾರು. ಟಫನ್ ಆದರೆ ಬೆಂಗಳೂರಿನ ಕಾರ್ಖಾನೆಯಿಂದ ಬರಬೇಕು, ಎಂಟರಿಂದ ಹತ್ತು ದಿನ. ನಿಜ ಹೇಳುತ್ತೇನೆ, ಮನಸ್ಸು ಪ್ಲೇನ್ ಕಡೆಗೇ ಎಳೆಯಿತು. ಆಕಾಶ ಆಗಲೇ ಕಪ್ಪಾಗಿತ್ತು. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಹೊಯ್ಯುವ ಆಗುಂಬೆ ನಮ್ಮ ಮನೆಯ ಮೇಲ್ಗಡೆಗೇ ಇದೆ. ಏಳಡಿ ಬಾಗಿಲನ್ನು ತೆರೆದಿಟ್ಟುಕೊಂಡು ಹತ್ತು ದಿನ ಕೂರುವುದು ಹೇಗೆ?

ಅವರು ವ್ಯಾಪಾರ ಕೆಟ್ಟರೂ ಚಿಂತೆಯಿಲ್ಲ ಅನ್ನುವ ಹಾಗೆ ಒಳಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಒಡೆದ ಪ್ಲೇನ್ ಗಾಜಿನ ತುಂಡು ಒರಗಿಸಿಟ್ಟಿದ್ದರು. ಒಂದೊಂದೂ ಮೊಳದುದ್ದ, ತುದಿ ಕತ್ತಿಯ ಹಾಗೆ. "ನಿಮ್ಮದು ಹರಳಾಗಿ ಉದುರ್ತು, ಅಲ್ವಾ? ಇದು ಹಿಂಗೆ ಮೇಲಿಂದ ಇಳೀತದೆ" ಅಂದರು. "ಮನೇಲಿ ಓಡಾಡೋ ಬಾಗ್ಲಿಗೆ ನಾನಂತೂ ಹಾಕಿ ಕೊಡಲ್ಲ ಮಾರಾಯ್ರೆ." ನೆಲದಿಂದ ತಲೆಯವರೆಗೆ ಇರುವ ಗಾಜಿಗೆ ಯಾರಾದರೂ ಡಿಕ್ಕಿ ಹೊಡೆದೇ ಹೊಡೆಯುತ್ತಾರೆ. ನಮ್ಮ ಮನೆಯಲ್ಲೇ ಭಾವ ಒಮ್ಮೆ ಬಾಗಿಲು ತೆರೆದಿದೆ ಅಂದುಕೊಂಡು ಹಣೆ ಹೊಡೆದುಕೊಂಡಿದ್ದರು. ಆವತ್ತು ಪ್ಲೇನ್ ಗಾಜು ಇದ್ದಿದ್ದರೆ ಅಂತ ಒಂದು ಕ್ಷಣ ಯೋಚನೆ ಬಂತು. ಟಫನ್ನೇ ಬರೆಸಿದೆ.

"ಅಳತೆಗೆ ನಮ್ಮ ಫಿಟ್ಟರ್ ಮೂರು ದಿನ ಬಿಟ್ಟು ಬರ್ತಾನೆ" ಅಂದರು. ಮೂರು ದಿನ ಯಾಕೆ ಹಾಳು ಮಾಡುವುದು? ನಾನೇ ಅಳೆದು ವಾಟ್ಸಾಪ್ ಮಾಡುತ್ತೇನೆ ಅಂದೆ. ತೋಟದ ಅಳತೆ, ಪಂಪಿನ ಪೈಪಿನ ಅಳತೆ ಎಲ್ಲ ಮಾಡುವವನಿಗೆ ಒಂದು ಬಾಗಿಲು ಯಾವ ಲೆಕ್ಕ!

ಮನೆಗೆ ಬರುವಷ್ಟರಲ್ಲಿ ಮೊದಲ ಮಳೆ. ಟಾರ್ಪಾಲು ಕಟ್ಟಿದೆ. ರಾತ್ರಿ ಗಾಳಿ ಎದ್ದಿತು, ಕರೆಂಟ್ ಹೋಯಿತು, ಟಾರ್ಪಾಲು ಬೆಳಗಿನವರೆಗೆ ಪಟಪಟ ಬಡಿಯಿತು. ಯಾರೂ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಪಕ್ಕದ ಮನೆಯ ಅಣ್ಣ ಬಂದು ನೋಡಿ, ಏನೂ ಮಾತಾಡದೆ ವಾಪಸ್ ಹೋದರು. ಒಂದು ಗಂಟೆ ಬಿಟ್ಟು ಅಡಿಕೆ ದಬ್ಬೆ, ಒಣ ಸೋಗೆ ಹೊತ್ತು ತಂದರು. ಮಧ್ಯಾಹ್ನದೊಳಗೆ ಅಲ್ಯೂಮಿನಿಯಂ ಚೌಕಟ್ಟಿಗೆ ಒರಗಿ ಸೋಗೆಯ ತಟ್ಟಿ ನಿಂತಿತ್ತು. ಒಂದು ಹನಿ ಒಳಗೆ ಬರಲಿಲ್ಲ, ಸದ್ದೂ ಇಲ್ಲ. ಹಿಂದೆ ಇಡೀ ಮನೆಯ ಮಳೆ ಬೀಳುವ ಕಡೆಗೆಲ್ಲ ಹೀಗೇ ಕಟ್ಟುತ್ತಿದ್ದರು. ಅಮ್ಮ ತಟ್ಟಿಯನ್ನು ಎರಡು ಸಲ ತಟ್ಟಿ ನೋಡಿ, "ಇದನ್ನೇ ಇಟ್ಕೋ, ಗಾಜು ಎಂತಕ್ಕೆ" ಅಂದಳು.

ಇನ್ನು ಅಳತೆಯ ಕಥೆ. ಸ್ಲೈಡಿಂಗ್ ಬಾಗಿಲಿನ ಶಟರ್ ತೆಗೆಯುವುದು ಕಷ್ಟವೇನಲ್ಲ, ಉಪಾಯ ಗೊತ್ತಿದ್ದರೆ. ಮೇಲಿನ ಟ್ರ್ಯಾಕಿನ ಗಾಡಿ (ಅಂಚು ಕೂರುವ ಉದ್ದನೆಯ ಸೀಳು) ಆಳ, ಕೆಳಗಿನದು ಗಿಡ್ಡ. ಶಟರನ್ನು ಎರಡು ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎತ್ತಿದರೆ ತಲೆ ಇನ್ನೂ ಒಳಗೆ ಹೋಗುತ್ತದೆ, ಆಗ ಕೆಳಗಿನ ಬೇರಿಂಗ್ ಹಳಿ ಬಿಡುತ್ತದೆ. ಬುಡವನ್ನು ಮನೆಯೊಳಗೆ ಎಳೆದು ಕೆಳಕ್ಕೆ ಬಿಟ್ಟರೆ ಆಯಿತು. ಒಡೆದದ್ದು ಹೊರಗಿನ ಟ್ರ್ಯಾಕಿನ ಶಟರ್ ಆದ್ದರಿಂದ, ಗಾಜು ಇದ್ದ ಒಳಗಿನ ಶಟರನ್ನೇ ಮೊದಲು ತೆಗೆಯಬೇಕಾಯಿತು. ಅಣ್ಣ ಒಂದು ಕಡೆ, ನಾನು ಒಂದು ಕಡೆ. 5 ಮಿಲಿಮೀಟರ್ ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕೆಜಿ ತೂಗುತ್ತದೆ. ನಮ್ಮದು ಹೆಚ್ಚುಕಮ್ಮಿ ಎರಡು ಚದರ ಮೀಟರ್, ಅಂದರೆ 25 ಕೆಜಿ. ಅಕ್ಕಿ ಮೂಟೆಯ ತೂಕವೇ. ಆದರೆ ಮೂಟೆಯನ್ನು ತಬ್ಬಿ ಹಿಡಿಯಬಹುದು.

ಖಾಲಿ ಶಟರನ್ನು ಹಾಲ್‌ನಲ್ಲಿ ಮಲಗಿಸಿ, ಸುತ್ತ ಇದ್ದ ರಬ್ಬರ್ ಪಟ್ಟಿಯನ್ನು ಎಳೆದು ತೆಗೆದೆ. ಅದು ಇಂಗ್ಲಿಷಿನ ಯು ಅಕ್ಷರದ ಆಕಾರದ ರಬ್ಬರ್. ಗಾಜಿನ ನಾಲ್ಕೂ ಅಂಚಿಗೆ ಸೀರೆಗೆ ಫಾಲ್ ಹಚ್ಚಿದ ಹಾಗೆ ಸುತ್ತಿರುತ್ತದೆ, ಅದರ ಸಮೇತ ಗಾಜು ಅಲ್ಯೂಮಿನಿಯಂ ಗಾಡಿಯೊಳಗೆ ಕೂರುತ್ತದೆ. ರಬ್ಬರಿನ ಒಳಗೆಲ್ಲ ಹರಳು. ಕೊಡವಿ, ಗಾಡಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದು, ಸ್ಟೀಲ್ ಟೇಪ್ ಹಿಡಿದೆ. ಗಾಡಿಯ ತಳದಿಂದ ತಳಕ್ಕೆ ಅಗಲ 1026 ಮಿಲಿಮೀಟರ್, ಎತ್ತರ 1966. ಮೂರು ಜಾಗದಲ್ಲಿ ಅಳೆದೆ, ಮೂಲೆಯಿಂದ ಮೂಲೆಗೂ ಅಳೆದೆ. ಎಲ್ಲ ಸರಿ. ಸ್ವಲ್ಪ ಸಡಿಲ ಇರಲಿ ಅಂತ ಎರಡೆರಡು ಮಿಲಿಮೀಟರ್ ಕಳೆದು 1024, 1964 ಅಂತ ಕಳಿಸಿದೆ.

ಅಂಗಡಿಯಿಂದ ಫೋನ್ ಬಂತು. "ರಬ್ಬರ್ ಬಿಟ್ಟು ಅಳತೆ ತಾನೇ ಸಾರ್ ಇದು?"

"ಹೌದೌದು, ರಬ್ಬರ್ ಬಿಟ್ಟೇ ಅಳೆದಿದ್ದು."

ಅವರು ಕೇಳಿದ್ದು ರಬ್ಬರಿಗೆ ಜಾಗ ಬಿಟ್ಟಿದ್ದೀರಾ ಅಂತ. ನಾನು ಹೇಳಿದ್ದು ರಬ್ಬರ್ ತೆಗೆದು ಬದಿಗಿಟ್ಟು ಅಳೆದೆ ಅಂತ. ಇಬ್ಬರೂ ಕನ್ನಡದವರೇ. ಇಬ್ಬರಿಗೂ ಪೂರ್ತಿ ಅರ್ಥವಾಯಿತು.

ಒಂಬತ್ತು ದಿನ ಬಿಟ್ಟು ಗಾಜು ಬಂತು. ಬೆಂಗಳೂರಿಂದ ಶಿವಮೊಗ್ಗಕ್ಕೆ ಲಾರಿ, ಅಲ್ಲಿಂದ ಅರವತ್ತು ಕಿಲೋಮೀಟರ್ ಗೂಡ್ಸ್ ಗಾಡಿ. ಗಾಡಿಯಲ್ಲಿ ಗಾಜನ್ನು ಮಲಗಿಸಿರಲಿಲ್ಲ. ಮರದ ಸ್ಟ್ಯಾಂಡಿಗೆ ಓರೆಯಾಗಿ ನಿಲ್ಲಿಸಿ ಹಗ್ಗ ಬಿಗಿದಿದ್ದರು. ಮಲಗಿಸಿದರೆ ಪ್ರತಿ ಹೊಂಡಕ್ಕೂ ನಡು ಬಳುಕುತ್ತದಂತೆ. ನಮ್ಮ ರಸ್ತೆಯ ಹೊಂಡಗಳಿಗೆ ಗಾಜೇನು, ಹಲಗೆಯೂ ಬಳುಕೀತು.

ಜೊತೆಗೆ ಬಂದ ಫಿಟ್ಟರ್ ಐವತ್ತು ದಾಟಿದವರು, ಮಾತು ಕಡಿಮೆ. ಶಟರಿನ ಮೂಲೆಯ ಸ್ಕ್ರೂ ಬಿಚ್ಚಿ ಒಂದು ಪಕ್ಕದ ಪಟ್ಟಿಯನ್ನು ಕಳಚಿದರು. ಗಾಜಿನ ಅಂಚಿಗೆ ರಬ್ಬರ್ ತೊಡಿಸಿದರು, ಮೂಲೆ ಬಂದಲ್ಲಿ ಅದನ್ನು ಸಣ್ಣಗೆ ಕತ್ತರಿಸಿ ತಿರುಗಿಸಿದರು. ಶಟರಿನ ಗಾಡಿಗೆ ಸೋಪಿನ ನೀರು ಸವರಿ ಗಾಜನ್ನು ಜಾರಿಸಿದರು. ಮೂರು ಕಡೆ ಕೂತಿತು. ನಾಲ್ಕನೇ ಪಟ್ಟಿ ಕೂರಲಿಲ್ಲ. ಸ್ಕ್ರೂ ತೂತು ಒಂದಕ್ಕೊಂದು ಎದುರಾಗಬೇಕು, ನಡುವೆ ಕಡಲೆಬೇಳೆಯಷ್ಟು ಅಂತರ ಉಳಿಯಿತು. ಅವರು ಟೇಪ್ ತೆಗೆದು ಗಾಜು ಅಳೆದರು, ಶಟರ್ ಅಳೆದರು, ನನ್ನನ್ನು ನೋಡಿದರು.

"ರಬ್ಬರ್ ಒಂದೊಂದು ಬದಿಗೆ ಮೂರು ಮಿಲಿಮೀಟರ್ ತಿಂತದೆ ಸಾರ್. 1020, 1960 ಬರ್ಬೇಕಿತ್ತು. ನಾಕು ಜಾಸ್ತಿ ಇದೆ."

ಅಲ್ಲೇ ಬಿದ್ದಿದ್ದ ರಬ್ಬರ್ ಸುತ್ತಿಗೆ ನೋಡಿ, ಮೆಲ್ಲಗೆ ತಟ್ಟಿದರೆ ಕೂರಬಹುದಾ ಅಂತ ಕೇಳಿದೆ. ಅವರು ಸುತ್ತಿಗೆಯನ್ನು ಎತ್ತಿ ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು. ರಬ್ಬರ್ ಇಲ್ಲದೆ ಹಾಕಿದರೆ? "ಅಂಚು ಲೋಹಕ್ಕೆ ತಾಗ್ತದೆ. ಮುಖಕ್ಕೆ ಗುದ್ದಿದ್ರೂ ತಡೀತದೆ ಇದು, ಅಂಚಿಗೆ ಚಿವುಟಿದ್ರೆ ಹೋಯ್ತು." ಅಂಚನ್ನು ಒಂಚೂರು ಕತ್ತರಿಸಿದರೆ? ಅದಕ್ಕೆ ಅವರು ನಕ್ಕರು. ಇಡೀ ದಿನದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಟಫನ್ ಗಾಜಿಗೆ ಕತ್ತರಿಸುವುದು, ತೂತು ಕೊರೆಯುವುದು, ಅಂಚು ನಯ ಮಾಡುವುದು ಎಲ್ಲ ಕುಲುಮೆಗೆ ಹೋಗುವ ಮೊದಲೇ ಮುಗಿಯಬೇಕು. ಆಮೇಲೆ ಅದನ್ನು ಸುಮಾರು 620 ಡಿಗ್ರಿಗೆ ಕಾಯಿಸಿ, ಹೊರಗೆ ತಂದ ಕೂಡಲೇ ಎರಡೂ ಬದಿಯಿಂದ ಜೋರಾಗಿ ಗಾಳಿ ಊದುತ್ತಾರೆ. ಹೊರಮೈ ತಣಿದು ಗಟ್ಟಿಯಾಗುತ್ತದೆ. ಒಳಗಿನದು ನಿಧಾನವಾಗಿ ತಣಿಯುತ್ತ ಕುಗ್ಗುತ್ತದೆ, ಕುಗ್ಗುವಾಗ ಗಟ್ಟಿಯಾದ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲ ಆದಾಗ ಹಗ್ಗ ಅಲ್ಲಾಡದೆ ಬಿಗಿಯಾಗಿ ನಿಲ್ಲುತ್ತದಲ್ಲ, ಹಾಗೆ. ಆ ಬಿಗಿಗೇ ಸಾಮಾನ್ಯ ಗಾಜಿನ ನಾಲ್ಕೈದು ಪಟ್ಟು ಶಕ್ತಿ ಬರುವುದು. ಚೂಪಾದ ಒಂದು ಜಲ್ಲಿ ಹೊರಮೈಯನ್ನು ತೂರಿ ಒಳಗೆ ತಾಗಿದರೆ ಹಗ್ಗ ಕಡಿದ ಹಾಗೆ. ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಗರಗಸ ಇಟ್ಟರೂ ಅದೇ ಕಥೆ. ಭಾವನ ಹಣೆಗೆ ಜಗ್ಗದ ಗಾಜು ನನ್ನ ಬಟಾಣಿ ಗಾತ್ರದ ಕಲ್ಲಿಗೆ ಪುಡಿಯಾದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಅಂದರೆ ನನ್ನ ಮುಂದೆ ಹೊಚ್ಚ ಹೊಸ ಗಾಜು ಇದೆ, ನಾಲ್ಕು ಮಿಲಿಮೀಟರ್ ದೊಡ್ಡದು, ಪ್ರಪಂಚದಲ್ಲಿ ಯಾರೂ ಅದನ್ನು ಸಣ್ಣದು ಮಾಡಲಾರರು.

ಬಿಲ್ ಬಗ್ಗೆ ಒಂದು ಮಾತು. ಗಾಜನ್ನು ಚದರ ಅಡಿ ಲೆಕ್ಕದಲ್ಲಿ ಕೊಡುತ್ತಾರೆ, ಆದರೆ ನಿಜವಾದ ಅಳತೆಗಲ್ಲ. ನಮ್ಮ ಅಂಗಡಿಯಲ್ಲಿ ಅಗಲವನ್ನೂ ಎತ್ತರವನ್ನೂ ಮುಂದಿನ ಮೂರು ಇಂಚಿಗೆ ಏರಿಸಿ ಹಿಡಿಯುತ್ತಾರೆ. ನಲವತ್ತೂಕಾಲು ಇಂಚು ಅಗಲ 42 ಆಯಿತು, ಎಪ್ಪತ್ತೇಳೂಕಾಲು ಎತ್ತರ 78 ಆಯಿತು. ಒಟ್ಟು ಇಪ್ಪತ್ತೆರಡೂ ಮುಕ್ಕಾಲು ಚದರ ಅಡಿ. ಅಡಿಗೆ 130 ರೂಪಾಯಿ, ಮೇಲೆ ಶೇಕಡ 18 ಜಿಎಸ್‌ಟಿ, 3490 ರೂಪಾಯಿ. ತಪ್ಪು ಅಳತೆಗೂ 3490, ಸರಿ ಅಳತೆಗೂ 3490. ಅಂಗಡಿಯವರು ಎರಡನೇ ಸಲ ಸಾಗಾಣಿಕೆ ಬಿಟ್ಟುಕೊಟ್ಟರು. ಅಷ್ಟು ದೊಡ್ಡ ಮನಸ್ಸು ನಾನಾಗಿದ್ದರೆ ಮಾಡುತ್ತಿದ್ದೆನೋ ಇಲ್ಲವೋ.

ಎರಡನೇ ಅಳತೆ ಫಿಟ್ಟರೇ ತಗೊಂಡರು. ನಾನು ಟೇಪಿನ ಇನ್ನೊಂದು ತುದಿಯನ್ನೂ ಹಿಡಿಯಲಿಲ್ಲ.

ಕಾಯುವ ದಿನಗಳಲ್ಲಿ ಮೃಗಶಿರ ಮಳೆ ಶುರುವಾಯಿತು. ತಟ್ಟಿಯ ಹಿಂದೆ ಹಾಲ್ ಹಗಲಿಗೂ ಕತ್ತಲು. ಲೈಟ್ ಹಚ್ಚಿಕೊಂಡೇ ಊಟ. ಹೊರಗೆ ಮಳೆ ಎಷ್ಟು ಜೋರಾಗಿದೆ ಅಂತ ಕಿವಿಯಲ್ಲೇ ಅಂದಾಜು ಮಾಡಬೇಕು. ನನಗೆ ಹಳೇ ಮನೆ ನೆನಪಾಯಿತು. ಅಮ್ಮನಿಗೆ ಮಾತ್ರ ಬೇಜಾರು ಶುರುವಾಗಿತ್ತು. ತಟ್ಟಿ ಬಂದಾಗ ಹೊಗಳಿದವಳು ಐದನೇ ದಿನಕ್ಕೆ, "ತೋಟಕ್ಕೆ ಯಾರು ಬಂದ್ರು, ಯಾರು ಹೋದ್ರು ಅಂತಲೇ ಗೊತ್ತಾಗ್ತಿಲ್ಲ" ಅಂದಳು. ಏಳನೇ ದಿನ, "ಫೋನ್ ಮಾಡಿ ಕೇಳಿದ್ಯನೋ?" ಅಂದಳು. ನಾನು ಒಳಗೇ ನಕ್ಕೆ.

ಜೂನ್ ನಡುವಿನಲ್ಲಿ ಎರಡನೇ ಗಾಜು ಬಂತು. ಮಳೆ ಎರಡು ಗಂಟೆ ಬಿಡುವು ಕೊಟ್ಟಿತ್ತು. ಈ ಸಲ ನಾಲ್ಕನೇ ಪಟ್ಟಿ ಅಂಗೈಯಲ್ಲಿ ಒತ್ತಿದ ಕೂಡಲೇ ಟಕ್ ಅಂತ ಕೂತಿತು. ಸ್ಕ್ರೂ ತೂತು ಎದುರುಬದುರು. ಕೆಳಗಿನ ಅಂಚಿಗೆ ಎರಡು ಕಡೆ ಸಣ್ಣ ಗಟ್ಟಿ ರಬ್ಬರ್ ತುಂಡು ಇಟ್ಟಿದ್ದರು, ಗಾಜಿನ ಭಾರ ಅದರ ಮೇಲೆ ಬೀಳಲಿ ಅಂತ. ಭಾವನ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಓರೆಯಾಗಿ ನೋಡಿದರೆ ಗಾಜಿನಲ್ಲಿ ಸಾಲು ಸಾಲಾಗಿ ಚಿರತೆಯ ಮೈಯಂಥ ಚುಕ್ಕಿ ಕಾಣುತ್ತದೆ. ಗಾಳಿ ಊದಿದ ಗುರುತು ಅದು. ಟಫನ್ ಹೌದೋ ಅಲ್ಲವೋ ಅಂತ ನೋಡಲು ಮೂಲೆಯ ಮುದ್ರೆ ಒಂದು, ಇದು ಇನ್ನೊಂದು. ಫಿಟ್ಟರ್ ಹೇಳಿಕೊಟ್ಟದ್ದು. ನಾವೆಲ್ಲ ಒಬ್ಬೊಬ್ಬರಾಗಿ ಕನ್ನಡಕ ಹಾಕಿ ನೋಡಿದೆವು, ದೊಡ್ಡಮ್ಮ ಕೂಡ.

ಶಟರ್ ಬಿಚ್ಚಿದ್ದೇ ಇದೆ ಅಂತ ಬೇರಿಂಗ್ ಬದಲಿಸಿದರು. ಹಳೆಯದು ಒಂದು ಬದಿ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಬಾಗಿಲು ಎಳೆಯುವಾಗ ಬರುತ್ತಿದ್ದ ಕರಕರ ಸದ್ದು ಅದರದ್ದು.

ಆಮೇಲೆ ಅವರು ಕೆಳಗಿನ ಟ್ರ್ಯಾಕ್ ಮುಂದೆ ಕುಕ್ಕರುಗಾಲಲ್ಲಿ ಕೂತರು. ಶಟರ್ ಕೂರಿಸುವ ಮೊದಲು ಅಲ್ಲಿ ಏನೋ ಹುಡುಕುತ್ತಿದ್ದಾರೆ. "ನಿಮ್ಮನೇಲಿ ಮಳೆಗಾಲಕ್ಕೆ ಇಲ್ಲಿ ನೀರು ಒಳಗೆ ಬರ್ತದಾ?" ಅಂತ ಕೇಳಿದರು. ಬರದೆ ಏನು! ಆರು ವರ್ಷದಿಂದ ಪ್ರತಿ ಮಳೆಗಾಲಕ್ಕೂ ಅಮ್ಮ ಬಾಗಿಲ ಬುಡಕ್ಕೆ ಹಳೇ ಸೀರೆ ಸುತ್ತಿ ಇಡುತ್ತಾಳೆ, ದಿನಕ್ಕೆ ಎರಡು ಸಲ ಹಿಂಡುತ್ತಾಳೆ. ಗಾಜಿನ ಬಾಗಿಲ ಮೇಲೆ ಅವಳ ದೊಡ್ಡ ದೂರೇ ಅದು. ಬಾಗಿಲು ಕಟ್ಟಿದವರು ಸರಿಯಿಲ್ಲ ಅಂತ ನಾನೂ ಬೈದುಕೊಂಡಿದ್ದೆ.

ಅವರು ಸೈಕಲ್ ಕಡ್ಡಿ ಒಂದನ್ನು ಟ್ರ್ಯಾಕಿನ ಹೊರಬದಿಗೆ ತೂರಿಸಿದರು. ಅಲ್ಲಿ ಬೆರಳ ತುದಿಯಷ್ಟು ಉದ್ದದ ಸೀಳು ತೂತುಗಳಿವೆ. ಮೂರು. ಟ್ರ್ಯಾಕಿಗೆ ಬಿದ್ದ ನೀರು ಹೊರಗೆ ಹೋಗಲು ಮಾಡಿದ ದಾರಿ. ಗಾಜಿನ ಬಾಗಿಲಿಗೆ ನೀರು ಬಡಿಯುವುದು ಸಹಜ, ಟ್ರ್ಯಾಕಿಗೆ ಇಳಿಯುವುದೂ ಸಹಜ, ತೂತಿನಿಂದ ಅಂಗಳಕ್ಕೆ ಹೋದರೆ ಮುಗಿಯಿತು. ನಮ್ಮಲ್ಲಿ ಮೊದಲ ತೂತಿನಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಎರಡನೆಯದರಲ್ಲಿ ಕಸ, ನಾಯಿಕೂದಲು ಮತ್ತು ಗಾಜಿನ ಹರಳು. ಮೂರನೆಯದಕ್ಕೆ ಮನೆಗೆ ಬಣ್ಣ ಹೊಡೆದವರು ಪೇಂಟ್ ಹಚ್ಚಿ ಮುಚ್ಚಿಬಿಟ್ಟಿದ್ದರು. ಕಡ್ಡಿ ತಿರುಗಿಸಿ ಮೂರನ್ನೂ ಬಿಡಿಸಿದರು. ನನ್ನ ಹತ್ತಿರ ಒಂದು ಚೊಂಬು ನೀರು ತರಿಸಿ ಟ್ರ್ಯಾಕಿಗೆ ಸುರಿದರು. ನೀರು ಒಂದು ಕ್ಷಣ ನಿಂತಿತು. ಆಮೇಲೆ ಮೂರು ಸಣ್ಣ ಧಾರೆಯಾಗಿ ಅಂಗಳಕ್ಕೆ ಇಳಿಯಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಅದನ್ನೇ ನೋಡಿದಳು. "ಇಷ್ಟೇನಾ?" ಅಂದಳು. ಇನ್ನೊಂದು ಚೊಂಬು ಅವಳೇ ತಂದು ಸುರಿದಳು.

ಶಟರ್ ಕೂರಿಸುವುದು ತೆಗೆದದ್ದರ ಉಲ್ಟಾ. ತಲೆ ಮೊದಲು, ಬುಡ ಆಮೇಲೆ, ಹೊರಗಿನದು ಮೊದಲು, ಒಳಗಿನದು ಆಮೇಲೆ. ಬದಿಯ ಸಣ್ಣ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ಬೇರಿಂಗ್ ಸ್ಕ್ರೂ ತಿರುಗಿಸಿದರೆ ಶಟರ್ ಕೂದಲೆಳೆಯಷ್ಟು ಏಳುತ್ತದೆ, ಇಳಿಯುತ್ತದೆ. ಲಾಕಿನ ಕೊಕ್ಕೆ ಸರಿಯಾಗಿ ಬೀಳುವವರೆಗೆ ಅದನ್ನು ಮಾಡುತ್ತಲೇ ಇದ್ದರು. ಕೊನೆಗೆ ಹೊರಬದಿಯಲ್ಲಿ ಗೋಡೆಗೂ ಚೌಕಟ್ಟಿಗೂ ನಡುವೆ ಬಿರಿದಿದ್ದ ಕಡೆ ಸಿಲಿಕೋನ್ ಎಳೆದರು. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಲೋಹವನ್ನು ತಿನ್ನುತ್ತದೆ ಅಂತ ವಾಸನೆಯಿಲ್ಲದ್ದನ್ನೇ ತಂದಿದ್ದರು. ಒಂದು ದಿನ ಮುಟ್ಟಬೇಡಿ ಅಂದರು. ಮಳೆ ಬಿಡಬೇಕಲ್ಲ! ತಟ್ಟಿಯನ್ನೇ ಇನ್ನೊಂದು ರಾತ್ರಿ ಹೊರಗೆ ಒರಗಿಸಿದೆವು. ಫಿಟ್ಟಿಂಗ್, ಬೇರಿಂಗ್, ಸಿಲಿಕೋನ್ ಎಲ್ಲ ಸೇರಿ 1400 ಕೊಟ್ಟೆ. ಆ ಮೂರು ತೂತಿಗೆ ಅವರು ಏನೂ ಹಾಕಿರಲಿಲ್ಲ. ಕೇಳಿದರೆ, "ಅದೆಂತದು ಸಾರ್, ಕಡ್ಡಿ ತಾನೇ" ಅಂದರು.

ಕಡ್ಡಿ ಬಿಟ್ಟು ಹೋಗಿದ್ದಾರೆ. ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ. ಆ ಮಳೆಗಾಲ ಪೂರ್ತಿ ಹಳೇ ಸೀರೆ ಬೇಕಾಗಲಿಲ್ಲ.

ಇನ್ನು ಆ ತಪ್ಪು ಗಾಜು. ಮಾರಲು ನೋಡಿದೆ. 1024ಕ್ಕೆ 1964 ಯಾರ ಬಾಗಿಲಿಗೂ ಆಗುವುದಿಲ್ಲ. ಅಂಗಡಿಯವರೂ ವಾಪಸ್ ತಗೊಳ್ಳಲಿಲ್ಲ, ತಗೊಂಡು ಏನು ಮಾಡುತ್ತಾರೆ? ಆರು ತಿಂಗಳು ಅಡಿಕೆ ಕೊಟ್ಟಿಗೆಯಲ್ಲಿ ಗೋಣಿಚೀಲದ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಬಡಗಿಯ ಹತ್ತಿರ ಮಾತಾಡಿ ನಾಲ್ಕು ಕಾಲಿನ ಒಂದು ಗಿಡ್ಡ ಚೌಕಟ್ಟು ಮಾಡಿಸಿ, ಅದರ ಮೇಲೆ ಮಲಗಿಸಿ ಜಗಲಿಗೆ ಹಾಕಿದೆ. ಅಳತೆ ಬಡಗಿಯೇ ತಗೊಂಡ. ಅಂಚಿಗೆ ಸುತ್ತ ರಬ್ಬರ್ ಹಾಕಿಸಿದ್ದೇನೆ, ಜಾಗ ಬಿಟ್ಟು.

ಈ ವರ್ಷ ಏಪ್ರಿಲ್‌ನಲ್ಲಿ ಅಮ್ಮ, ದೊಡ್ಡಮ್ಮ ಇಬ್ಬರೂ ಅದರ ಎರಡು ಬದಿಗೆ ಕೂತು ಹಪ್ಪಳ ಒತ್ತಿದರು. ಹಿಟ್ಟು ಅಂಟುವುದಿಲ್ಲವಂತೆ, ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಸ್ವಚ್ಛವಂತೆ. ಮುನ್ನೂರು ಆಯಿತು. ಎರಡು ಚಾಪೆ ಸಾಲದೆ ಮೂರನೆಯದನ್ನೂ ಹಾಸಿದರು, ಗಾಜಿನ ಬಾಗಿಲ ಎದುರಿಗೇ. ಹುಲ್ಲು ಹೊಡೆಯುವ ಮೆಷಿನ್ ಇಟ್ಟ ಕೋಣೆಗೆ ಬೆಳಗ್ಗೆಯೇ ಬೀಗ ಬಿದ್ದಿತ್ತು. ಕೀಲಿಕೈ ಅಮ್ಮನ ಸೊಂಟದಲ್ಲಿತ್ತು.